ಜಪಾನಿ ಯಾಕೆ ಅಂತ ಕೇಳಿ, ಆದರೆ ನಗಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ವಿದೇಶಿ ಭಾಷೆ ಕಲಿಯುವವರ ಬಗ್ಗೆ ಒಂದು ಬರಹ ಬಂದಿತ್ತು. ಜಪಾನಿ ಕಲಿಯುವವರಿಗೆ ಅದರಲ್ಲಿ ಸಿಕ್ಕಿದ್ದು ಎರಡೇ ಸಾಲು. ಒಂದು ಗುಂಪು ಕೆಲಸಕ್ಕಾಗಿ ಕಲಿಯುತ್ತದೆ, ಅವರು ಜಾಣರು. ಇನ್ನೊಂದು ಗುಂಪು ಕಾರ್ಟೂನ್ ನೋಡಿ ಮರುಳಾಗಿ ಕಲಿಯುತ್ತದೆ, ಅವರಿಗೆ ಹೊತ್ತು ಹೋಗುವುದಿಲ್ಲ. ಓದಿ ಪತ್ರಿಕೆ ಮಡಚಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತೆಗೆದು ಓದಿದೆ. ಬೇಸರ ಹೋಗಲಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಯಿತು ಅನ್ನಿಸಿದರೂ ದಯವಿಟ್ಟು ಪೂರ್ತಿ ಹಾಕಿ.

ನಾನು 19 ವರ್ಷಗಳಿಂದ ಜಪಾನಿ ಕಲಿಸುತ್ತಿದ್ದೇನೆ. ಹೊಸ ತಂಡ ಬಂದಾಗ ಮೊದಲ ದಿನ ಅಕ್ಷರ ಶುರು ಮಾಡುವುದಿಲ್ಲ. ಎಲ್ಲರಿಗೂ ಅಂಗೈ ಅಗಲದ ಒಂದು ಚೀಟಿ ಕೊಡುತ್ತೇನೆ. 'ಜಪಾನಿ ಯಾಕೆ?' ಇಷ್ಟೇ ಪ್ರಶ್ನೆ. ಯಾವ ಭಾಷೆಯಲ್ಲಾದರೂ ಬರೆಯಬಹುದು. ಯಾರ ಚೀಟಿಯನ್ನೂ ಜೋರಾಗಿ ಓದುವುದಿಲ್ಲ. ಈಗ ಪಾಠ ಹೆಚ್ಚಾಗಿ ಪರದೆಯ ಮೇಲೆ ನಡೆಯುತ್ತದೆ. ಅವರು ಮೆಸೇಜ್ ಕಳಿಸುತ್ತಾರೆ, ನಾನು ಅದನ್ನು ಅವರ ಮಾತಿನಲ್ಲೇ ಚೀಟಿಗೆ ಇಳಿಸಿಕೊಳ್ಳುತ್ತೇನೆ. ಒಂದು ತಗಡಿನ ಡಬ್ಬಿ ತುಂಬಿ ಎರಡನೆಯದು ಶುರುವಾಗಿದೆ.

ಭಾನುವಾರ ಸಂಜೆ ಆ ಡಬ್ಬಿ ತೆಗೆದು ಕೂತೆ. ಕೆಲವನ್ನು ನಿಮ್ಮ ಓದುಗರಿಗೆ ಹೇಳುತ್ತೇನೆ. ಬರೆದವರು ಯಾರೆಂದು ಗೊತ್ತಾಗದ ಹಾಗೆ.

'ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ವೀಸಾಗೆ ಬೇಕು.' ಇಂಥ ಚೀಟಿ ಈಚೆಗೆ ಜಾಸ್ತಿ. 'ಮದುವೆ ಆಗುವ ಹುಡುಗನ ತಾಯಿಗೆ ಜಪಾನಿ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಅವರ ಹತ್ತಿರ ನಾನೇ ಮಾತಾಡಬೇಕು.' ಇದು ಒಬ್ಬ ಹುಡುಗಿಯದು. ಜೂಡೋ ಆಡುವ ಒಬ್ಬರು ಬರೆದಿದ್ದರು: 'ರೆಫರಿ ಹಾಜಿಮೆ ಅಂದರೆ ಶುರು ಮಾಡುತ್ತೇನೆ, ಮತ್ತೆ ಅಂದರೆ ನಿಲ್ಲಿಸುತ್ತೇನೆ. ಹತ್ತು ವರ್ಷದಿಂದ ಈ ಭಾಷೆಯ ಮಾತು ಕೇಳುತ್ತಿದ್ದೇನೆ. ಮಿಕ್ಕಿದ್ದೂ ಬೇಕು.' (ಈ 'ಮತ್ತೆ' ನಮ್ಮ ಮತ್ತೆ ಅಲ್ಲ. ಜಪಾನಿಯಲ್ಲಿ ಅದಕ್ಕೆ 'ತಡಿ' ಅಂತ ಅರ್ಥ.) ಇನ್ನೊಂದರಲ್ಲಿ ಇದ್ದದ್ದು ಇಷ್ಟು: 'ಸುಮ್ನೆ. ಆ ಅಕ್ಷರ ಬರೆಯುವಾಗ ಕೈಗೆ ಹಿತ.'

ಒಬ್ಬ ತಾಯಿಯ ಚೀಟಿ ಹೀಗಿದೆ (ಅನಿಮೆ ಅಂದರೆ ಜಪಾನಿನ ಕಾರ್ಟೂನ್): 'ಮಗಳಿಗೆ ಹದಿನಾಲ್ಕು. ಅನಿಮೆ ನೋಡುತ್ತಾಳೆ, ಸಬ್‌ಟೈಟಲ್ ಇಲ್ಲದೆ. ಪಕ್ಕದಲ್ಲಿ ಕೂತು ಏನಂದ ಅಂತ ಕೇಳುತ್ತೇನೆ. ಅವಳು ವಿಡಿಯೊ ನಿಲ್ಲಿಸಿ ಹೇಳುತ್ತಾಳೆ. ಹೇಳುವಷ್ಟರಲ್ಲಿ ನಗು ಮುಗಿದಿರುತ್ತದೆ. ಈಚೆಗೆ ಬಾಗಿಲು ಹಾಕಿಕೊಂಡು ನೋಡುತ್ತಿದ್ದಾಳೆ.'

ನಿಮ್ಮ ಬರಹದ ಲೆಕ್ಕದಲ್ಲಿ ಈ ತಾಯಿ ಯಾವ ಗುಂಪು? ಕೆಲಸಕ್ಕೆ ಕಲಿಯುತ್ತಿಲ್ಲ. ಕಾರ್ಟೂನ್‌ಗಾಗಿ ಕಲಿಯುತ್ತಿದ್ದಾರೆ ಅಂತ ಹೇಳಿದರೆ ಮನಸ್ಸು ಒಪ್ಪುತ್ತದೆಯಾ?

ಜಪಾನ್ ಫೌಂಡೇಶನ್ ಅನ್ನುವ ಸಂಸ್ಥೆ ಮೂರು ವರ್ಷಕ್ಕೊಮ್ಮೆ ಹೊರದೇಶಗಳಲ್ಲಿ ಜಪಾನಿ ಕಲಿಯುವವರ ಲೆಕ್ಕ ತೆಗೆಯುತ್ತದೆ. 2021ರ ಲೆಕ್ಕದಲ್ಲಿ 141 ದೇಶ ಮತ್ತು ಪ್ರದೇಶಗಳಲ್ಲಿ ಸುಮಾರು 37.9 ಲಕ್ಷ ಜನ ಇದ್ದರು. ಅದೂ ಶಾಲೆ, ಕಾಲೇಜು, ಕಲಿಕಾ ಕೇಂದ್ರಗಳಲ್ಲಿ ಓದುತ್ತಿರುವವರು ಮಾತ್ರ. ಮನೆಯಲ್ಲಿ ಫೋನ್ ಹಿಡಿದು ತಾವೇ ಕಲಿಯುವವರು ಆ ಲೆಕ್ಕಕ್ಕೆ ಸಿಕ್ಕಿಲ್ಲ. ಕಲಿಯುವ ಕಾರಣಗಳನ್ನೂ ಆ ಸಮೀಕ್ಷೆ ಕೇಳುತ್ತದೆ. ಭಾಷೆಯ ಮೇಲಿನ ಆಸಕ್ತಿ, ಅನಿಮೆ, ಮಾಂಗಾ ಅನ್ನುವ ಚಿತ್ರಕತೆ, ಹಾಡುಗಳ ಮೇಲಿನ ಆಸಕ್ತಿ ಮೇಲಿನ ಸಾಲಿನಲ್ಲೇ ಇವೆ. ಅಂದರೆ ನಿಮ್ಮ ಬರಹ ಹೊತ್ತು ಹೋಗದವರು ಅಂದದ್ದು ದೊಡ್ಡ ಗುಂಪನ್ನೇ.

ಹಳೆಯ ಲೆಕ್ಕವನ್ನೂ ನೋಡಿ. 1979ರಲ್ಲಿ ಜಗತ್ತಿನಲ್ಲಿ ಜಪಾನಿ ಕಲಿಯುತ್ತಿದ್ದವರು ಸುಮಾರು 1.27 ಲಕ್ಷ. ಎಂಬತ್ತರ ದಶಕದಲ್ಲಿ ಜಪಾನಿನ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ವ್ಯಾಪಾರ ಮಾಡಬೇಕಾದವರೆಲ್ಲ ಭಾಷೆ ಹಿಡಿದರು. 1990ಕ್ಕೆ ಸುಮಾರು 9.8 ಲಕ್ಷ ಆಯಿತು. ಆಮೇಲೆ ಆ ಗುಳ್ಳೆ ಒಡೆಯಿತು. ಷೇರು, ಜಮೀನು, ಎಲ್ಲದರ ಬೆಲೆ ಬಿತ್ತು. ದುಡ್ಡಿಗಾಗಿ ಮಾತ್ರ ಕಲಿಯುತ್ತಿದ್ದರೆ ಆಗ ತರಗತಿಗಳು ಖಾಲಿ ಆಗಬೇಕಿತ್ತು ಅಲ್ವಾ? ಆಗಲಿಲ್ಲ. 1998ಕ್ಕೆ 21 ಲಕ್ಷ ದಾಟಿತ್ತು. ಬಂದವರಿಗೆ ಬೇರೆ ಬೇರೆ ಕಾರಣಗಳಿದ್ದವು.

ಇದೇನೂ ಇವತ್ತಿನ ಕತೆಯಲ್ಲ. 1604ರಿಂದ 1608ರ ನಡುವೆ ನಾಗಾಸಾಕಿಯಲ್ಲಿ ಜಪಾನಿ ಭಾಷೆಯ ಒಂದು ದೊಡ್ಡ ವ್ಯಾಕರಣ ಅಚ್ಚಾಯಿತು. ಬರೆದವರು ಪೋರ್ಚುಗೀಸ್ ಜೆಸ್ಯುಟ್ ಪಾದ್ರಿ ಜೊವಾಂವ್ ರೊಡ್ರಿಗೆಸ್. ಅವರಿಗೆ ಧರ್ಮ ಸಾರಬೇಕಿತ್ತು. ನೂರು ವರ್ಷದ ಆಮೇಲೆ ರಷ್ಯಾದ ದೊರೆ ಪೀಟರ್, ಹಡಗು ಒಡೆದು ಕಮ್ಚಾಟ್ಕಾ ಸೇರಿದ್ದ ದೆಂಬೆ ಅನ್ನುವ ಜಪಾನಿ ಮನುಷ್ಯನನ್ನು ಕರೆಸಿ ತನ್ನ ಜನಕ್ಕೆ ಭಾಷೆ ಕಲಿಸಲು ಹೇಳಿದ. ಅವನ ಕಣ್ಣು ವ್ಯಾಪಾರದ ಮೇಲಿತ್ತು. 1908ರಿಂದ ಜಪಾನಿನ ಜನ ಹಡಗು ಹತ್ತಿ ಬ್ರೆಜಿಲ್‌ಗೆ ದುಡಿಯಲು ಹೋದರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಈಗ ಅಜ್ಜಿಯ ಭಾಷೆ ಅಂತ ಮೊದಲಿನಿಂದ ಕಲಿಯುತ್ತಾರೆ.

ಇಂಥವರಲ್ಲಿ ನನ್ನ ಮನಸ್ಸಿಗೆ ಹತ್ತಿರದವರು ಅಮೆರಿಕದ ವಿದ್ವಾಂಸ ಡೊನಾಲ್ಡ್ ಕೀನ್. 1940ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಓದುತ್ತಿದ್ದ 18ರ ಹುಡುಗ. ಟೈಮ್ಸ್ ಸ್ಕ್ವೇರ್‌ನ ಒಂದು ಅಂಗಡಿಯಲ್ಲಿ, ಮಾರಾಟವಾಗದೆ ಉಳಿದ ಪುಸ್ತಕಗಳ ರಾಶಿಯಲ್ಲಿ, ಜಪಾನಿನ ಹಳೆಯ ಕಾದಂಬರಿ 'ಗೆಂಜಿಯ ಕಥೆ'ಯ ಇಂಗ್ಲಿಷ್ ಅನುವಾದ ಸಿಕ್ಕಿತು. ಬೆಲೆ 49 ಸೆಂಟ್. ದಪ್ಪ ಪುಸ್ತಕ ಇಷ್ಟು ಕಡಿಮೆಗೆ ಸಿಗುತ್ತಿದೆಯಲ್ಲ ಅಂತ ತೆಗೆದುಕೊಂಡರು. ಯುರೋಪಿನಲ್ಲಿ ಯುದ್ಧ ನಡೆಯುತ್ತಿತ್ತು. ಯುದ್ಧದ ಸುದ್ದಿ ಕೇಳಿ ಬೇಸತ್ತಿದ್ದ ಹುಡುಗನಿಗೆ ಆ ಪುಸ್ತಕದೊಳಗೆ ಬೇರೆಯದೇ ಒಂದು ಲೋಕ ಸಿಕ್ಕಿತು. ಮುಂದೆ ಅಮೆರಿಕದ ನೌಕಾಪಡೆಯ ಭಾಷಾ ಶಾಲೆ ಸೇರಿದರು. ಅಂದರೆ ಜಪಾನಿಯನ್ನು ಚೆನ್ನಾಗಿ ಕಲಿಸಿದ್ದು ಜಪಾನಿನ ಮೇಲಿನ ಯುದ್ಧ. ಅವರ ಕೈಗೆ ಬಂದ ಕೆಲಸ ಸತ್ತ ಸೈನಿಕರ ಡೈರಿ ಓದುವುದು. ಶತ್ರುವಿನ ಗುಟ್ಟು ಹುಡುಕಲು ಕೊಟ್ಟ ಡೈರಿಗಳವು. ಅವುಗಳಲ್ಲಿ ಮನೆ ನೆನೆಸಿಕೊಂಡವರ, ಹಸಿದವರ, ಭಯಪಟ್ಟವರ ಮಾತು ಇತ್ತು. ನಾನು ಮೊದಲು ಆಪ್ತವಾಗಿ ಅರಿತ ಜಪಾನಿಯರು ಆ ಡೈರಿ ಬರೆದವರೇ ಅನ್ನುವ ಅರ್ಥದ ಮಾತನ್ನು ಕೀನ್ ಹೇಳಿಕೊಂಡಿದ್ದಾರೆ. ಆಮೇಲೆ ಇಡೀ ಬದುಕು ಜಪಾನಿ ಸಾಹಿತ್ಯ ಕಲಿಸಿದರು, ಅನುವಾದಿಸಿದರು. 2011ರ ಭೂಕಂಪ, ಸುನಾಮಿ ಆದಾಗ ಹೊರದೇಶದವರು ಬಹಳ ಜನ ಜಪಾನ್ ಬಿಟ್ಟು ಹೊರಟರು. ಈ ಮುದುಕರು ಅಲ್ಲಿಗೆ ಹೋಗಿ ನೆಲೆಸಿ, 2012ರಲ್ಲಿ, 89ನೇ ವಯಸ್ಸಿನಲ್ಲಿ, ಅಲ್ಲಿನ ಪ್ರಜೆ ಆದರು.

ಈಗ ಹೇಳಿ, ಕೀನ್ ಅವರ ಕಾರಣ ಯಾವುದು? ಅಗ್ಗದ ಪುಸ್ತಕವಾ, ಯುದ್ಧವಾ, ಡೈರಿಯಾ? ಬಂದ ಕಾರಣ ಒಂದು, ಉಳಿದ ಕಾರಣ ಇನ್ನೊಂದು. ನನ್ನ ಡಬ್ಬಿಯಲ್ಲೂ ಇದನ್ನೇ ನೋಡುತ್ತಾ ಬಂದಿದ್ದೇನೆ.

ಕಾರಣದ ಮೇಲೆ ಯಾಕೆ ಇಷ್ಟು ಮಾತು ಅನ್ನಿಸಬಹುದು. ಈ ಭಾಷೆ ಕಾಲ ಕೇಳುತ್ತದೆ, ಅದಕ್ಕೆ. ಉಚ್ಚಾರದ ಅಕ್ಷರಮಾಲೆ ಎರಡು, ಹಿರಾಗಾನಾ 46, ಕತಾಕಾನಾ 46, ಇವು ಕೆಲವು ವಾರದಲ್ಲಿ ಬರುತ್ತವೆ. ಆಮೇಲೆ ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರಗಳು. ದಿನಬಳಕೆಗೆ ಬೇಕು ಅಂತ ಜಪಾನ್ ಸರ್ಕಾರ ಪಟ್ಟಿ ಮಾಡಿರುವುದು 2,136. ಅವುಗಳಲ್ಲಿ ಬಹಳಷ್ಟಕ್ಕೆ ಎರಡು, ಮೂರು ಉಚ್ಚಾರ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆ ಜಪಾನಿಗೆ 2,200 ಗಂಟೆಗಳ ಪಾಠ ಇಟ್ಟುಕೊಂಡಿದೆ. ವಾರಕ್ಕೆ ನಾಲ್ಕು ಗಂಟೆ ಬರುವ ನನ್ನ ವಿದ್ಯಾರ್ಥಿ ಅಷ್ಟು ಗಂಟೆ ಮುಗಿಸಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ನಮಗೆ ಒಂದು ಅನುಕೂಲ ಇದೆ, ಅದನ್ನೂ ಹೇಳಿಬಿಡುತ್ತೇನೆ. ವಾಕ್ಯ ಕಟ್ಟುವ ರೀತಿ ನಮ್ಮದೇ. ಕ್ರಿಯಾಪದ ಕೊನೆಗೆ. 'ಕಾಯಿತೆ ಮಿರು' ಅಂದರೆ 'ಬರೆದು ನೋಡು'. ಮಿರು ಅಂದರೆ ನೋಡು. 'ಕಾಯಿತೆ ಒಕು' ಅಂದರೆ 'ಬರೆದಿಡು'. ಒಕು ಅಂದರೆ ಇಡು. ಇದನ್ನು ಮೊದಲ ಸಲ ಬೋರ್ಡ್ ಮೇಲೆ ಬರೆದಾಗ ತರಗತಿಯಲ್ಲಿ 'ಅರೆ' ಅನ್ನುವ ಸದ್ದು ಬಂದೇ ಬರುತ್ತದೆ. ಆದರೆ ಕಾಂಜಿಗೆ ಇಂಥ ಅಡ್ಡದಾರಿ ಇಲ್ಲ. ದಿನಾ ಕೂತು ಬರೆಯಬೇಕು.

ಮುನ್ನೂರು ಕಾಂಜಿ ದಾಟುವ ಹೊತ್ತಿಗೆ ಅರ್ಧ ತರಗತಿ ಖಾಲಿ ಆಗಿರುತ್ತದೆ. ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ? ಮೊದಲ ಕೆಲವು ವರ್ಷ ನಾನೂ ನಿಮ್ಮ ಬರಹದ ಹಾಗೇ ಅಂದುಕೊಂಡಿದ್ದೆ. ಕೆಲಸದ ಆಸೆ ಇರುವವರು ಉಳಿಯುತ್ತಾರೆ, ಅನಿಮೆ ಹುಡುಗರು ಹೋಗುತ್ತಾರೆ ಅಂತ. ತಪ್ಪು. ಚೀಟಿಗಳನ್ನು ಮತ್ತೆ ಮತ್ತೆ ಓದಿದಾಗ ನನ್ನ ಕಣ್ಣಿಗೆ ಬಿದ್ದದ್ದು ಒಂದು ಪುಟ್ಟ ಪ್ರತ್ಯಯ. 'ಅಂತೆ.'

'ಸ್ಕೋಪ್ ಇದೆಯಂತೆ.' 'ಸಂಬಳ ಚೆನ್ನಾಗಿ ಬರುತ್ತದಂತೆ.' 'ಮುಂದೆ ಒಳ್ಳೆಯದಾಗುತ್ತಂತೆ, ಅಪ್ಪ ಸೇರಿಸಿದರು.' ಯಾರೋ ಹೇಳಿದ್ದು, ಇವರು ಬರೆದದ್ದು. ಹೋದವರ ಚೀಟಿಗಳಲ್ಲಿ 'ಅಂತೆ' ತುಂಬಾ ಇತ್ತು. ಉಳಿದವರ ಚೀಟಿಗಳಲ್ಲಿ 'ಬೇಕು' ಇತ್ತು. ಮಾತಾಡಬೇಕು, ಓದಬೇಕು, ಹೋಗಬೇಕು, ದುಡಿಯಬೇಕು. ವೀಸಾಗೆ ಬೇಕು ಅನ್ನುವುದೂ 'ಬೇಕು' ತಾನೇ? ಕೆನಡಾದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಗಾರ್ಡ್ನರ್ ಮತ್ತು ವಾಲೇಸ್ ಲ್ಯಾಂಬರ್ಟ್, ಬಹಳ ಹಿಂದೆಯೇ, ಭಾಷೆ ಕಲಿಯುವವರಲ್ಲಿ ಎರಡು ಬಗೆಯ ಕಾರಣ ಗುರುತಿಸಿದರು. ಏನೋ ಲಾಭಕ್ಕಾಗಿ ಕಲಿಯುವುದು ಒಂದು. ಆ ಜನಕ್ಕೆ ಹತ್ತಿರವಾಗಲು ಕಲಿಯುವುದು ಇನ್ನೊಂದು. ಈ ವಿಂಗಡಣೆ ಓದಿ ನನಗೆ ಉಪಯೋಗವಾಗಿದೆ. ಆದರೆ ಒಂದನ್ನು ಮೇಲೆ, ಒಂದನ್ನು ಕೆಳಗೆ ಇಡಲು ನನ್ನ ಅನುಭವ ಬಿಡುವುದಿಲ್ಲ. ಕಾರಣ ಅವರದೇ ಆಗಿದ್ದರೆ ಸಾಕು.

ಅನಿಮೆ ಹುಡುಗ ಒಬ್ಬನ ವಿಷಯ ಹೇಳುತ್ತೇನೆ. ಎರಡನೇ ತಿಂಗಳಲ್ಲಿ ನಮ್ಮ ತರಗತಿಗೆ ಜಪಾನಿನ ಒಬ್ಬ ಹಿರಿಯ ಶಿಕ್ಷಕಿ ಪರದೆಯ ಮೇಲೆ ಅತಿಥಿಯಾಗಿ ಬಂದಿದ್ದರು. ಈ ಹುಡುಗ ಉತ್ಸಾಹದಿಂದ ಕೈ ಎತ್ತಿ, ಅವರನ್ನೇ 'ಒಮಾಯೆ' ಅಂದ. ನಾಯಕ ಖಳನಾಯಕನಿಗೆ ಅನ್ನುವ ಮಾತು. 'ನೀನು' ಅನ್ನುವುದಕ್ಕಿಂತ ಒರಟು. ಗುರುಗಳಿಗೆ ಯಾರೂ ಅನ್ನುವುದಿಲ್ಲ. ತರಗತಿ ಸ್ತಬ್ಧ. ಆ ಶಿಕ್ಷಕಿ ಮಾತ್ರ ಶಾಂತವಾಗಿ, 'ಆ ಮಾತು ಎಲ್ಲಿ ಕೇಳಿದೆ?' ಅಂತ ವಿಚಾರಿಸಿದರು. ಅವನು ಹೇಳಿದ. ಅವರು ಅರ್ಧ ಗಂಟೆ ಅದರ ಮೇಲೇ ಪಾಠ ಮಾಡಿದರು. 'ನಾನು' ಅನ್ನಲು ಜಪಾನಿಯಲ್ಲಿ ಎಷ್ಟು ಮಾತಿವೆ ಗೊತ್ತಾ? ವತಾಶಿ, ಬೊಕು, ಒರೆ, ಅತಾಶಿ. ಕತೆಯ ಮುದುಕರು 'ವಾಶಿ' ಅನ್ನುತ್ತಾರೆ, ಕತೆಯ ಸಮುರಾಯಿ 'ಸೆಸ್ಶಾ' ಅನ್ನುತ್ತಾನೆ. ಕತೆಗಳಲ್ಲಿ ಮಾತು ಕೇಳಿದ ತಕ್ಷಣ ಪಾತ್ರ ಯಾರು ಅಂತ ಗೊತ್ತಾಗುವ ಈ ಬಗೆಗೆ ಭಾಷಾತಜ್ಞ ಸತೋಶಿ ಕಿನ್ಸುಯಿ 'ಯಾಕುವಾರಿಗೊ' ಅಂತ ಹೆಸರಿಟ್ಟಿದ್ದಾರೆ. ಪಾತ್ರದ ಭಾಷೆ ಅಂತ. ಆ ದಿನದಿಂದ ಹುಡುಗ ಒಂದು ನೋಟ್‌ಬುಕ್ ಇಟ್ಟುಕೊಂಡ. ಯಾವ ಪಾತ್ರ ಯಾರ ಮುಂದೆ ತನ್ನನ್ನು ಏನಂದುಕೊಳ್ಳುತ್ತದೆ, ಯಾವಾಗ ಬದಲಾಯಿಸುತ್ತದೆ, ಎಲ್ಲ ಬರೆಯುತ್ತಾ ಹೋದ. ಅಲ್ಲಿಂದ ಗೌರವದ ಭಾಷೆ, ಅಲ್ಲಿಂದ ಹಳೆಯ ಜಪಾನಿ. ನಾಲ್ಕು ವರ್ಷದ ಆಮೇಲೆ ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಲು ಶುರು ಮಾಡಿದ. ಅವತ್ತು ನಾವು ನಕ್ಕಿದ್ದರೆ ಅವನು ಮಾರನೇ ದಿನ ಬರುತ್ತಿರಲಿಲ್ಲ.

ಕೆಲಸಕ್ಕಾಗಿ ಕಲಿಯುವವರನ್ನು ಕಂಡು ಮೂಗು ಮುರಿಯುವವರೂ ಇದ್ದಾರೆ. 'ಅವರಿಗೆ ಭಾಷೆಯ ಮೇಲೆ ಪ್ರೀತಿ ಇಲ್ಲ, ವೀಸಾ ಮೇಲೆ ಪ್ರೀತಿ' ಅನ್ನುತ್ತಾರೆ. ಇದೂ ಅಷ್ಟೇ ನೋವಿನ ಮಾತು. 2019ರ ಏಪ್ರಿಲ್‌ನಲ್ಲಿ ಜಪಾನ್ ಹೊಸ ವೀಸಾ ತಂದಿತು. ನಿರ್ದಿಷ್ಟ ಕೌಶಲ ಇರುವ ಕೆಲಸಗಾರರಿಗೆ. ಹೆಚ್ಚಿನ ಕೆಲಸಗಳಿಗೆ ಎನ್4 ಅಥವಾ ಅದಕ್ಕೆ ಸಮನಾದ ಇನ್ನೊಂದು ಭಾಷಾ ಪರೀಕ್ಷೆ ಪಾಸಾಗಬೇಕು. ಆರೈಕೆಯ ಕೆಲಸಕ್ಕೆ ಅದರದೇ ಬೇರೆ ಭಾಷಾ ಪರೀಕ್ಷೆಯೂ ಇದೆ. ಎನ್4 ಅನ್ನುವುದು ಜೆಎಲ್‌ಪಿಟಿ, ಅಂದರೆ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಒಂದು ಮಟ್ಟ. 1984ರಲ್ಲಿ ಶುರುವಾದ ಪರೀಕ್ಷೆ ಇದು. 2010ರಿಂದ ಐದು ಮಟ್ಟ. ಎನ್5 ಸುಲಭದ್ದು, ಎನ್1 ಕಷ್ಟದ್ದು. ಎನ್4ಗೆ 180ಕ್ಕೆ 90 ಅಂಕ ಬೇಕು. ಎಲ್ಲವೂ ಸರಿ ಉತ್ತರ ಗುರುತಿಸುವ ಪ್ರಶ್ನೆಗಳು. ಓದಬೇಕು, ಕೇಳಬೇಕು. ಮಾತಾಡುವ ಪರೀಕ್ಷೆ ಇಲ್ಲ, ಬರೆಯುವ ಪರೀಕ್ಷೆಯೂ ಇಲ್ಲ.

ಒಬ್ಬ ಹುಡುಗಿ ಎನ್4 ಪಾಸಾಗಿ, ಜಪಾನಿಗೆ ಹೋಗಿ, ವಯಸ್ಸಾದವರ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಮೂರನೇ ವಾರ ನನಗೆ ಫೋನ್ ಮಾಡಿ ಅತ್ತಳು. 'ಮೇಡಂ, ಅಜ್ಜಿಗೆ ನೋವು. ಏನು ನೋವು ಅಂತ ಅವರು ಹೇಳುತ್ತಿದ್ದಾರೆ, ನನಗೆ ಗೊತ್ತಾಗುತ್ತಿಲ್ಲ.' ಅಜ್ಜಿ ಏನಂದರು ಅಂದೆ. 'ಝುಕಿಝುಕಿ.' ಅದು ನಾಡಿ ಬಡಿದ ಹಾಗೆ ಬಡಿಯುವ ನೋವು. 'ಚಿಕುಚಿಕು' ಅಂದರೆ ಸೂಜಿ ಚುಚ್ಚಿದ ಹಾಗೆ. 'ಹಿರಿಹಿರಿ' ಅಂದರೆ ಚರ್ಮ ಚುರುಚುರು ಉರಿಯುವುದು. 'ಗನ್‌ಗನ್' ಅಂದರೆ ತಲೆಯೊಳಗೆ ಗುದ್ದಿದ ಹಾಗೆ. ನಾವೂ ನೋವನ್ನು ಹೀಗೇ ಹೇಳುತ್ತೇವೆ, ಅಲ್ವಾ? ಚುಳ್ ಅಂತು, ಚುರುಚುರು ಅಂತು, ಧಿಮ್ ಅಂತು. ಒಂದು ಸಲ ಹೇಳಿಕೊಟ್ಟರೆ ಅವಳು ಮರೆಯುವವಳಲ್ಲ. ನಾನು ಹೇಳಿಕೊಟ್ಟಿರಲಿಲ್ಲ. ಪರೀಕ್ಷೆಯ ಪಟ್ಟಿ ಹಿಡಿದು ಪಾಠ ಮಾಡಿದ್ದೆ. ಹಾಸಿಗೆ ಹುಣ್ಣಿಗೆ ವೈದ್ಯರು 'ಜೊಕುಸೊ' ಅನ್ನುತ್ತಾರೆ, ಮನೆಯವರು 'ತೊಕೊಝುರೆ' ಅನ್ನುತ್ತಾರೆ. ಎರಡೂ ಅವಳಿಗೆ ಬೇಕಿತ್ತು. ಅವಳ ಚೀಟಿಯಲ್ಲಿ ಮೊದಲ ದಿನವೇ 'ವಯಸ್ಸಾದವರನ್ನು ನೋಡಿಕೊಳ್ಳಲು' ಅಂತ ಬರೆದಿತ್ತು. ನಾನು ಓದಿ ಡಬ್ಬಿಗೆ ಹಾಕಿದ್ದೆ, ಪಾಠಕ್ಕೆ ತಂದಿರಲಿಲ್ಲ. ಈಗ ಆರೈಕೆ ಕೆಲಸಕ್ಕೆ ಹೋಗುವವರಿಗೆ ಮೊದಲ ತಿಂಗಳಿಂದಲೇ ನೋವಿನ ಮಾತು ಕಲಿಸುತ್ತೇನೆ.

ಇನ್ನೊಂದು ಘಟನೆ. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಯಾವ ಸಂಸ್ಥೆ ಅಂತ ಹೇಳುವುದಿಲ್ಲ. ಆದರೆ ಓದುಗರಿಗೆ ಗೊತ್ತಿರಬೇಕು.

ಜಪಾನಿನಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ಫಾರಂನಲ್ಲಿ 'ಶಿಬೋ ದೋಕಿ' ಅಂತ ಒಂದು ಅಂಕಣ ಇರುತ್ತದೆ. ಈ ಕೆಲಸ ಯಾಕೆ ಬೇಕು ಅಂತ ಬರೆಯುವ ಜಾಗ. ಸಂದರ್ಶನದಲ್ಲೂ ಇದನ್ನು ಕೇಳುತ್ತಾರೆ. ಜನರನ್ನು ಕಳಿಸುವ ಸಂಸ್ಥೆಯೊಂದು ಒಮ್ಮೆ ಅಂಥ ಸಂದರ್ಶನಕ್ಕೆ ನನ್ನನ್ನು ದುಭಾಷಿಯಾಗಿ ಕರೆದಿತ್ತು. ಪರದೆಯ ಆ ಕಡೆ ವೃದ್ಧರ ಮನೆ ನಡೆಸುವ ಒಬ್ಬ ಮಹಿಳೆ. ಈ ಕಡೆ ನಾಲ್ಕು ಹುಡುಗಿಯರು, ಒಬ್ಬರಾದ ಮೇಲೆ ಒಬ್ಬರು.

ಮೊದಲನೆಯವಳು ಹೇಳಿದಳು. ನನ್ನ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರು. ನಾನು ಅವರನ್ನು ನೋಡಿಕೊಂಡೆ. ಆಗ ಆರೈಕೆಯ ಮಹತ್ವ ತಿಳಿಯಿತು. ಚೆಂದದ ಜಪಾನಿ, ತಡವರಿಸದೆ. ಎರಡನೆಯವಳು ಬಂದಳು. ಅವಳ ಅಜ್ಜಿಯೂ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅದೇ ವಾಕ್ಯ, ಅದೇ ಕಡೆ ಉಸಿರು. ಮೂರನೆಯವಳೂ ಅದನ್ನೇ ಹೇಳಿದಳು. ಆ ಮಹಿಳೆ ಪೆನ್ ಕೆಳಗಿಟ್ಟರು. ಬೈಯಲಿಲ್ಲ. 'ಅಜ್ಜಿ ಈಗ ಹೇಗಿದ್ದಾರೆ?' ಅಂತ ಕೇಳಿದರು. ಹುಡುಗಿಗೆ ಉತ್ತರ ಬರಲಿಲ್ಲ. ಬಾಯಿಪಾಠದಲ್ಲಿ ಆ ಪ್ರಶ್ನೆ ಇರಲಿಲ್ಲ.

ನಾಲ್ಕನೆಯವಳು ಕೂತಾಗ ಅವಳ ಕೈ ನಡುಗುತ್ತಿತ್ತು. ಶಿಬೋ ದೋಕಿ ಕೇಳಿದರು. ಅಜ್ಜಿ ಅಂತ ಶುರು ಮಾಡಿ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ನಾನು ನಮ್ಮ ಮಾತಿನಲ್ಲಿ, 'ನಿಂದು ಹೇಳಮ್ಮ' ಅಂದೆ. ದುಭಾಷಿ ಹಾಗೆ ಹೇಳಬಾರದು, ಗೊತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದೊಂದೇ ಪದ ಜೋಡಿಸಿದಳು. 'ಇಮೊತೊ. ಗಕ್ಕೊ. ಒಕಾನೆ, ಹಿತ್ಸುಯೊ ದೆಸು.' ತಂಗಿ. ಶಾಲೆ. ದುಡ್ಡು ಬೇಕಾಗಿದೆ. ಇಷ್ಟೇ.

ಆ ಮಹಿಳೆ 'ವಕಾರಿಮಾಶಿತಾ' ಅಂದರು. ಅರ್ಥವಾಯಿತು ಅಂತ. ತಂಗಿಯ ವಯಸ್ಸು ಕೇಳಿದರು. ಆಮೇಲೆ, ಏಳಲಾಗದವರನ್ನು ಹಾಸಿಗೆಯಿಂದ ಹೇಗೆ ಎಬ್ಬಿಸುತ್ತೀಯಾ ಅಂತ ಕೇಳಿದರು. ಇವಳು ಪದ ಸಿಗದೆ, ಎದ್ದು ನಿಂತು, ಮೊಣಕಾಲು ಬಗ್ಗಿಸಿ, ಎರಡೂ ಕೈಯನ್ನು ಯಾರದೋ ಬೆನ್ನ ಹಿಂದೆ ಇಟ್ಟ ಹಾಗೆ ಮಾಡಿ ತೋರಿಸಿದಳು. ಅವರು ಪೆನ್ ಕೈಗೆ ತೆಗೆದುಕೊಂಡು ಬರೆದುಕೊಂಡರು. ನಾಲ್ವರಲ್ಲಿ ಮುಂದಿನ ಸುತ್ತಿಗೆ ಹೋದವಳು ಅವಳೊಬ್ಬಳೇ.

ಮೊದಲ ಮೂವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಅವರದೇ ಕಾರಣ ಇದ್ದೇ ಇರುತ್ತದೆ. ಅದು ಹೇಳುವಂಥದ್ದಲ್ಲ, ಚಿಕ್ಕದು, ನಾಚಿಕೆಯದು ಅಂತ ಯಾರೋ ಅವರನ್ನು ನಂಬಿಸಿ, ಕೈಗೆ ಒಂದು ಅಜ್ಜಿಯನ್ನು ಕೊಟ್ಟು ಕಳಿಸಿದ್ದರು. ನಿಮ್ಮ ಬರಹ ನನಗೆ ನೋವು ಮಾಡಿದ್ದು ಇದಕ್ಕೇ. ಈ ಕಾರಣ ಒಳ್ಳೆಯದು, ಆ ಕಾರಣ ಹಗುರ ಅಂತ ದೊಡ್ಡವರು ಹೇಳುತ್ತಾ ಹೋದರೆ, ಕಲಿಯುವವರು ತಮ್ಮ ಕಾರಣ ಮುಚ್ಚಿಡುತ್ತಾರೆ. ಕಲಿಸುವವರಿಗೆ ಅದು ಗೊತ್ತಾಗದೆ ಹೋದರೆ ಪಾಠ ಎಲ್ಲರಿಗೂ ಒಂದೇ ಆಗುತ್ತದೆ. ಅತ್ತೆಯ ಹತ್ತಿರ ಮಾತಾಡಬೇಕಾದವಳಿಗೂ, ಹುಣ್ಣು ತೊಳೆಯಬೇಕಾದವಳಿಗೂ, ಮಗಳ ಪಕ್ಕ ಕೂರಬೇಕಾದವರಿಗೂ ಅದೇ ಮಾದರಿ ಪ್ರಶ್ನೆಪತ್ರಿಕೆ.

ನನ್ನ ಕಾರಣವನ್ನೂ ಹೇಳುತ್ತೇನೆ. ಒಬ್ಬ ವಿದ್ಯಾರ್ಥಿನಿ ಕೇಳುವವರೆಗೆ ನಾನು ಅದನ್ನು ಎಲ್ಲೂ ಬರೆದಿರಲಿಲ್ಲ.

ನನ್ನ ಅಪ್ಪ ಕ್ಯಾಮೆರಾ ರಿಪೇರಿ ಮಾಡುತ್ತಿದ್ದರು. ಮೇಜಿನ ಮೇಲೆ ಒಂದು ಜಪಾನಿ ರಿಪೇರಿ ಪುಸ್ತಕ ಇರುತ್ತಿತ್ತು. ಅಪ್ಪನಿಗೆ ಭಾಷೆ ಬರುತ್ತಿರಲಿಲ್ಲ. ಚಿತ್ರ ನೋಡಿ ಬಿಚ್ಚುತ್ತಿದ್ದರು, ಚಿತ್ರ ನೋಡಿ ಜೋಡಿಸುತ್ತಿದ್ದರು. ನನಗೆ ಆಗ ಹನ್ನೆರಡು. ಅಲ್ಲಲ್ಲಿ ಚೌಕದೊಳಗೆ ದಪ್ಪಗೆ ಎರಡು ಅಕ್ಷರ ಇರುತ್ತಿದ್ದವು. ಅಪ್ಪ ಅದರ ಮೇಲೆ ಬೆರಳಿಟ್ಟು, 'ನೋಡು ಪುಟ್ಟಿ, ಈ ಎರಡು ಅಕ್ಷರ ಬಂದ ಕಡೆ ಏನಾದರೂ ಎಡವಟ್ಟು ಆಗೇ ಆಗುತ್ತೆ' ಅಂದರು. ಓದಲು ಬಾರದ ಮಾತಿನ ಅರ್ಥವನ್ನು ಅವರು ಕೈಯಿಂದ ಕಲಿತಿದ್ದರು. ಅದು 'ಚೂಯಿ'. ಎಚ್ಚರ, ಗಮನ ಅಂತ ಅರ್ಥ. ಮೊದಲ ಅಕ್ಷರದ ಎಡಕ್ಕೆ ಮೂರು ಹನಿ ನೀರು, ಬಲಕ್ಕೆ ಒಡೆಯ. ಎರಡನೆಯದರಲ್ಲಿ ಮೇಲೆ ಸದ್ದು, ಕೆಳಗೆ ಹೃದಯ. ಇದೇ ಅಕ್ಷರ 'ಇಮಿ'ಯಲ್ಲಿದೆ, ಅಂದರೆ ಅರ್ಥ. 'ಕೆತ್ಸುಯಿ'ಯಲ್ಲಿದೆ, ಅಂದರೆ ಗಟ್ಟಿ ನಿರ್ಧಾರ. ಇದೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ಬೇಕಿದ್ದದ್ದು ಒಂದೇ. ಆ ಚೌಕದೊಳಗೆ ಏನು ಬರೆದಿದೆ?

ವರ್ಷಗಳ ಆಮೇಲೆ ಭಾಷೆ ಕಲಿತು ಅದನ್ನು ಓದಿದೆ. 'ಸ್ಪ್ರಿಂಗ್ ಹಾರುತ್ತದೆ. ಬೆರಳಿನಿಂದ ಒತ್ತಿ ಹಿಡಿದು ತಿರುಪು ಬಿಚ್ಚಿ.' ಅಪ್ಪನಿಗೆ ಹೇಳಿದೆ. ಅಪ್ಪ ಕನ್ನಡಕ ಮೇಲಕ್ಕೆ ಸರಿಸಿ, 'ಗೊತ್ತು ಪುಟ್ಟಿ. ಎಷ್ಟು ಸ್ಪ್ರಿಂಗ್ ನೆಲದ ಮೇಲೆ ಹುಡುಕಿದ್ದೀನಿ' ಅಂದರು. ಆಮೇಲೆ ಪುಟ ತಿರುಗಿಸಿ ನನ್ನ ಮುಂದೆ ಇಟ್ಟರು. 'ಇದನ್ನ ಓದು.' ಆ ಸಂಜೆ ಹನ್ನೊಂದು ಪುಟ ಓದಿದೆವು.

ಈ ಕಾರಣಕ್ಕೆ ಯಾವ ಸ್ಕೋಪೂ ಇರಲಿಲ್ಲ. ಇದೇ ಈಗ ನನ್ನ ಹೊಟ್ಟೆಪಾಡು.

ಕಲಿಸುವ ಸಂಸ್ಥೆಗಳಲ್ಲಿ ನನ್ನ ಕೋರಿಕೆ ಇಷ್ಟೇ. ಸೇರುವ ದಿನ ಶುಲ್ಕ ಕೇಳುವ ಮೊದಲು ಯಾಕೆ ಅಂತ ಕೇಳಿ, ಕೇಳಿದ ಮೇಲೆ ಅದಕ್ಕೆ ತಕ್ಕ ಹಾಗೆ ಕಲಿಸಿ. ಸಂದರ್ಶನಕ್ಕೆ ಬೇರೆಯವರ ಅಜ್ಜಿಯ ಕತೆ ಬಾಯಿಪಾಠ ಮಾಡಿಸಬೇಡಿ. ಕೆಲಸಕ್ಕೆ ಹೊರಟವರೇ, ಪ್ರಮಾಣಪತ್ರ ಕೈಗೆ ಬಂದಾಗ ಮಾತು ಬಂದಿರುವುದಿಲ್ಲ. ಪರೀಕ್ಷೆ ಮುಗಿದ ಮೇಲೂ ದಿನಾ ಬಾಯಿ ತೆರೆದು ಮಾತಾಡಿ. ಅಪ್ಪ ಅಮ್ಮಂದಿರೇ, ಮಗು ಬಾಗಿಲು ಹಾಕಿಕೊಂಡು ಅನಿಮೆ ನೋಡುತ್ತಿದ್ದರೆ ಒಮ್ಮೆ ಒಳಗೆ ಹೋಗಿ ಪಕ್ಕ ಕೂರಿ. ಚೀಟಿ ಬರೆದ ಆ ತಾಯಿ ಈಗ ಮೂರನೇ ಹಂತದಲ್ಲಿದ್ದಾರೆ. ಹೋದ ತಿಂಗಳು ಅವರಿಂದ ಒಂದು ಮೆಸೇಜ್ ಬಂತು: 'ಇವತ್ತು ಅವಳೇ ನನ್ನನ್ನು ಏನಂದ ಅಂತ ಕೇಳಿದಳು.'

ಸಂಪಾದಕರೇ, ಈ ವಿಷಯದ ಮೇಲೆ ನೀವು ಮತ್ತೆ ಬರಹ ಹಾಕುವುದಾದರೆ ಕಲಿಯುವವರನ್ನೇ ಕೇಳಿಸಿ. ಅವರ ಮಾತನ್ನು ಅವರ ಮಾತಿನಲ್ಲೇ ಅಚ್ಚು ಹಾಕಿ. ಸೋಮವಾರ ನನ್ನ ಹೊಸ ತಂಡ ಶುರುವಾಗುತ್ತದೆ. ಹದಿಮೂರು ಜನ. ಚೀಟಿ ಕತ್ತರಿಸಿ ಇಟ್ಟಿದ್ದೇನೆ.

ಇಂತಿ,
ಜಪಾನಿ ಭಾಷೆಯ ಒಬ್ಬ ಶಿಕ್ಷಕಿ